ಹಾರ್ಟ್ ಚೆಕಪ್‌ಗೆ ಹೋಗುವ ದಿನ ಬಿಪಿ ಮಾತ್ರೆ ಬಿಡಬೇಕೇ?

‘ಹಾರ್ಟ್ ಡಾಕ್ಟರ ಹತ್ತಿರ ಹೋಗುವ ದಿನ ಬಿಪಿ ಮಾತ್ರೆ ನುಂಗಬೇಡಿ, ಖಾಲಿ ಹೊಟ್ಟೆಯಲ್ಲೇ ಹೋಗಿ, ಇಲ್ಲದಿದ್ದರೆ ರಿಪೋರ್ಟ್ ತಪ್ಪು ಬರುತ್ತೆ’ ಎಂಬ ವಾಟ್ಸಾಪ್ ಮೆಸೇಜ್ ಓಡಾಡುತ್ತಿದೆ. ಇದು ಸರಿಯಲ್ಲ. 2025ರ ಜುಲೈನಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಕೇಳಿ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿದ್ದರು, ಅಲ್ವಾ? ಭಯ ಇದ್ದಾಗ ಇಂಥವು ಬೇಗ ಹರಡುತ್ತವೆ.

ಇಸಿಜಿಗೂ ಮಾಮೂಲಿ ಎಕೋಗೂ (ಹೃದಯದ ಸ್ಕ್ಯಾನ್) ಉಪವಾಸ ಬೇಕಿಲ್ಲ. ಎರಡು ಇಡ್ಲಿ ತಿಂದು ಹೋದರೆ ಏನೂ ಕೆಡುವುದಿಲ್ಲ. ಬಿಪಿ ಮಾತ್ರೆಯನ್ನೂ ಎಂದಿನಂತೆ ತೆಗೆದುಕೊಳ್ಳಿ. ಬಿಟ್ಟು ಹೋದರೆ ಔಷಧಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಡಾಕ್ಟರಿಗೆ ಗೊತ್ತಾಗುವುದಾದರೂ ಹೇಗೆ? ಮೆಟೊಪ್ರೊಲಾಲ್‌ನಂಥ ಬಿಪಿ ಮಾತ್ರೆಯನ್ನು ದಿಢೀರನೆ ನಿಲ್ಲಿಸುವುದು ಅಪಾಯವೂ ಹೌದು.

ಮೆಸೇಜ್‌ನಲ್ಲಿ ಚೂರು ನಿಜವೂ ಇದೆ. ಟ್ರೆಡ್‌ಮಿಲ್ ಟೆಸ್ಟ್‌ಗೆ 2–3 ಗಂಟೆ ಮುಂಚೆ ಹೊಟ್ಟೆ ತುಂಬ ತಿನ್ನಬಾರದು. ಯಾವುದೋ ಮಾತ್ರೆ ನಿಲ್ಲಿಸಬೇಕಿದ್ದರೆ ಡಾಕ್ಟರೇ ಹೇಳುತ್ತಾರೆ. ಆಂಜಿಯೋಗ್ರಾಂಗೆ ಉಪವಾಸ ಬೇಕಾದರೂ ಅಷ್ಟೇ.

ಹಳೇ ಇಸಿಜಿ ತಪ್ಪದೆ ಒಯ್ಯಿರಿ. ಆ ನುಣುಪು ಕಾಗದದ ಗೆರೆಗಳು ಬರಬರುತ್ತಾ ಮಾಸುತ್ತವೆ, ಮೊದಲೇ ಜೆರಾಕ್ಸ್ ಮಾಡಿಸಿ. ‘ಬಿಳೀ ಗುಂಡು ಮಾತ್ರೆ’ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ಮಾತ್ರೆಯ ಸ್ಟ್ರಿಪ್ಪನ್ನೇ ತೋರಿಸಿ.

ಈಗಲೇ ಎದೆ ಒತ್ತಿದಂತಾಗಿ ಬೆವರು ಕಿತ್ತುಬರುತ್ತಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ.