ಕೂಸಿನ ಪುಸ್ತಕ, ಮಾವನ ಪಾಡು

ನಮ್ಮ ಕಡೆ ಕೂಸು ಹುಟ್ಟಿದರೆ ಸೋದರಮಾವನ ಖರ್ಚಿನ ಪಟ್ಟಿ ತಾನಾಗೇ ತಯಾರಾಗುತ್ತೆ. ತೊಟ್ಟಿಲು, ಬೆಳ್ಳಿ ಕಾಲ್ಗಡಗ, ಜಾವಳಕ್ಕೆ ಹೊಸ ಬಟ್ಟೆ. ನಮ್ಮಕ್ಕ ಓದಿದವಳು, ಆ ಪಟ್ಟಿಗೆ ಪುಸ್ತಕವನ್ನೂ ಸೇರಿಸಿದಳು.

ಮೊದಲ ತಿಂಗಳುಗಳಲ್ಲಿ ಕೂಸಿಗೆ ಸ್ವಲ್ಪ ಚೆನ್ನಾಗಿ ಕಾಣೋದು 20-30 ಸೆಂಟಿಮೀಟರ್ ದೂರದ ವಸ್ತು ಮಾತ್ರ. ಅಂದರೆ ಎತ್ತಿಕೊಂಡವರ ಮುಖ. ತಿಳಿ ಬಣ್ಣಗಳು ಅದಕ್ಕೆ ಅಷ್ಟಾಗಿ ಗೊತ್ತಾಗಲ್ಲ, ಕಪ್ಪು-ಬಿಳುಪಿನ ದಪ್ಪ ಗೆರೆಗಳನ್ನು ಕಣ್ಣು ಬೇಗ ಹಿಡಿಯುತ್ತೆ. ಅದಕ್ಕೇ ಕಪ್ಪು-ಬಿಳುಪಿನ ಪುಸ್ತಕ ತಂದೆ. ಅವ್ವ ತಿರುಗಿಸಿ ತಿರುಗಿಸಿ ನೋಡಿದಳು.

"ಬಣ್ಣದ್ದು ತರಾಕ ರೊಕ್ಕ ಇದ್ದಿಲ್ಲೇನೋ ತಮ್ಮ?"

ಕಣ್ಣಿನ ವಿಜ್ಞಾನವನ್ನೆಲ್ಲ ವಿವರಿಸಿದೆ. ಕೇಳಿ ಮುಗಿಸಿ, "ಇರ್ಲಿ ಬಿಡು, ಮುಂದಿನ ತಿಂಗಳ ಪಗಾರಕ್ಕ ಬಣ್ಣದ್ದ ತಾ" ಅಂದಳು.

ಕೂಸು ಕೂಡಲು ಶುರು ಮಾಡಿದ ಮೇಲೆ ವಿಮರ್ಶೆ ಶುರುವಾಯ್ತು. ಎರಡು ಹಲ್ಲಿನ ವಿಮರ್ಶಕಿ. ಯಾವ ಪುಸ್ತಕವನ್ನೂ ರುಚಿ ನೋಡದೆ ಬಿಡಲಿಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನೋ ವೆಬ್‌ಸೈಟಿನಲ್ಲಿ ಕನ್ನಡದ ಕಥೆಗಳು ಪುಕ್ಕಟೆ ಸಿಗ್ತಾವೆ ಅಂತ ಅಕ್ಕ ಒಂದನ್ನು ಇಳಿಸಿಕೊಂಡು, ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ತಂದಳು. ಚಲೋ ಕಥೆ. ಕೊನೆ ಪುಟವನ್ನು ಕೂಸಿನ ಬಾಯಿಂದ ಬೆರಳು ಹಾಕಿ ತೆಗೆಯಬೇಕಾಯ್ತು. ಹಂಗಾಗಿ ದಪ್ಪ ರಟ್ಟಿನ, ಮೂಲೆ ದುಂಡಗಿರುವ ಪುಸ್ತಕ ಬೇಕು ಅಂತ ತೀರ್ಮಾನ ಆಯ್ತು. ಬಟ್ಟೆಯ ಪುಸ್ತಕವೂ ಬಂತು. ಅದನ್ನು ಒಗೆಯಬಹುದು, ಅದೇ ತೊಂದರೆ. ಅವ್ವ ಅದರಿಂದ ಕೂಸಿನ ಮೂಗು ಒರೆಸುತ್ತಿದ್ದಳು.

ರಟ್ಟಿನ ಪುಸ್ತಕಕ್ಕೆ ನಾನು ಹೋದ ಅಂಗಡಿಯ ತುಂಬ ಗೈಡುಗಳೇ.

"ಎಷ್ಟನೇ ಕ್ಲಾಸ್ ರೀ?"

"ಇನ್ನೂ ಒಂದು ವರ್ಷ ತುಂಬಿಲ್ಲ."

ಅವರು ಒಂದು ಗಳಿಗೆ ಯೋಚಿಸಿದರು. "ಎಲ್‌ಕೆಜಿದು ಒಯ್ರಿ. ಹೆಂಗೂ ಮುಂದ ಬೇಕಾಗತೈತಿ."

ಒತ್ತಿದರೆ ಪ್ರಾಣಿ ಕೂಗುವ ಪುಸ್ತಕವನ್ನೂ ತೋರಿಸಿದರು. ಅಂಥದ್ದರಲ್ಲಿ ಗುಂಡಿಯಂಥ ಸಣ್ಣ ಬ್ಯಾಟರಿ ಇರುತ್ತೆ, ಕೂಸು ನುಂಗಿದರೆ ಜೀವಕ್ಕೇ ಅಪಾಯ. ಮುಚ್ಚಳಕ್ಕೆ ಸ್ಕ್ರೂ ಇದ್ದರೆ ಮಾತ್ರ ತಗೋಬೇಕು. ಇದಕ್ಕೆ ಇರಲಿಲ್ಲ, ಬಿಟ್ಟು ಬಂದೆ. ಇದ್ದಿದ್ದರೂ ಬಿಡುತ್ತಿದ್ದೆ ಅನ್ನಿ. ನಡುರಾತ್ರಿ ಹಸು ಕೂಗಿದರೆ ಎದ್ದು ಕೂರೋರು ಯಾರು?

ಕೊನೆಗೆ ಸಿಕ್ಕಿದ್ದು ಪ್ರಾಣಿಗಳ ಪುಸ್ತಕ. ಅಷ್ಟರಲ್ಲಿ ಕೂಸಿಗೆ ಒಂದೆರಡು ಮಾತು ಬಂದಿತ್ತು. ಒಂದು ಪುಟದಲ್ಲಿ ಹಿಂಜಿದ ಅರಳೆಯಂಥ ಬೆಳ್ಳನೆ ಕುರಿ. "ಇದೇನು ಹೇಳು?" ಅಂದೆ. "ಬೌ ಬೌ" ಅಂದಿತು. ಅದರ ತಪ್ಪೇನು ಹೇಳಿ. ಕೊಪ್ಪಳ, ರಾಯಚೂರು ಕಡೆ ಕೆಂಗುರಿ ಜಾಸ್ತಿ, ಒಣ ತೆಂಗಿನಕಾಯಿ ಬಣ್ಣದ್ದು. ಮನೆ ಮುಂದೆ ಹಿಂಡು ಹೋದರೆ ಕೂಸು "ಬ್ಯಾ" ಅಂತ ಕುಣಿಯುತ್ತೆ. ಬೆಳ್ಳಗೆ, ಮೈತುಂಬ ಕೂದಲು ಇರೋದು ಎದುರುಮನೆಯವರ ನಾಯಿಗೆ ಮಾತ್ರ. ಚಿತ್ರ ಬರೆದವರು ಈ ಕಡೆ ಬಂದಿರಲಿಕ್ಕಿಲ್ಲ.

ಬಾತುಕೋಳಿಯ ಪುಟ ಮಾತ್ರ ಅವ್ವನ ಕೈಗೆ ಸಿಕ್ಕು ದೊಡ್ಡ ಕಥೆಯಾಯ್ತು. ಪುಸ್ತಕದಲ್ಲಿ ಬರೆದಿರೋದು 'ಬಾತುಕೋಳಿ ಈಜಿತು' ಅಂತ, ಅಷ್ಟೇ. ಚಸ್ಮಾ ಇಲ್ಲದೆ ಓದುವ ಅವ್ವನ ಬಾತುಕೋಳಿ ಮುನಿರಾಬಾದಿಗೆ ಹೋಗಿ ತುಂಗಭದ್ರಾ ಡ್ಯಾಮಿನಲ್ಲಿ ಈಜಿತು. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋಯ್ತಲ್ಲ, ಆ ರಾತ್ರಿ ಅದೂ ಅಲ್ಲೇ ಇತ್ತಂತೆ. "ಗೇಟು ಢಬಾರ್!" ಅಂತ ಅವ್ವ ಕೈ ತಟ್ಟಿದರೆ ಕೂಸು ಬಿದ್ದು ಬಿದ್ದು ನಗುತ್ತಿತ್ತು. ಈ ವಯಸ್ಸಿನ ಮಕ್ಕಳಿಗೆ ಅದೇ ಕಥೆ, ಅದೇ ಮಾತು, ಮತ್ತೆ ಮತ್ತೆ ಬೇಕು. ಒಂದು ಸಾಲು ಹಾರಿಸಿದರೂ ಗೊತ್ತಾಗುತ್ತೆ.

ಅವ್ವ ಮದುವೆಗೆ ಅಂತ ಗಂಗಾವತಿಗೆ ಹೋದ ದಿನ ಓದುವ ಸರದಿ ಭಾವನದು. ಪಾಪ, ಇದ್ದದ್ದನ್ನು ಇದ್ದಂಗೆ ಓದಿದರು. "ಬಾತುಕೋಳಿ ಈಜಿತು."

"ಗೇಟ್!"

"ಗೇಟ್ ಇಲ್ಲ ಪುಟ್ಟಿ, ಕೊಳ ಐತಿ."

"ಗೇಟ್! ಗೇಟ್!"

ನಾನು ಹೋದಾಗ ಕೂಸು ನೆಲದ ಮೇಲೆ ಉರುಳಾಡಿ ಅಳುತ್ತಿತ್ತು. ಭಾವ ರಟ್ಟಿನ ಪುಟಗಳನ್ನು ಹಿಂದೆ ಮುಂದೆ ತಿರುವುತ್ತ ಕೇಳಿದರು, "ಇದರಾಗ ಒಂದು ಹಾಳಿ ಹರಿದು ಹೋಗೈತೇನು?"