ರೇಟ್ ಹೇಳ್ರಿ ತಾಯಿ!

ನಿನ್ನೆ ರಾತ್ರಿ ಒಂದೂವರೆ ಗಂಟೆ ಕೂತು ಫೇಸ್‌ಬುಕ್‌ನಲ್ಲಿ ಸೀರೆ ಮಾರುವ ಲೈವ್ ನೋಡಿದೆ. ತಂಗಿ ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹಸಿರು ಇಳಕಲ್ ಸೀರೆ ಬೇಕಿತ್ತು, ಅಷ್ಟೇ. ಕೊನೆಗೂ ಬಂತು. ಹಸಿರು ಮೈ, ಗೋಮಿ ವಿನ್ಯಾಸದ ದಡಿ, ಟೋಪ್ ತೆನಿ ಚಿತ್ತಾರದ ಕೆಂಪು ಸೆರಗು. "ರೇಟ್ ಎಷ್ಟ್ರಿ?" ಅಂತ ಬರೆದೆ. "ಇನ್‌ಬಾಕ್ಸ್ ಮಾಡಿದೀವಿ ಡಿಯರ್" ಅಂತ ಉತ್ತರ.

ನನಗೆ ಐವತ್ತಾರು. ಡಿಯರ್ ಅಂತೆ.

ಇನ್‌ಬಾಕ್ಸ್ ತೆಗೆದರೆ ಒಂದು ವಾಟ್ಸಾಪ್ ನಂಬರು. ಅಲ್ಲಿ ಹಾಯ್ ಅಂದರೆ ತಾನಾಗೇ ಬರುವ ಸ್ವಾಗತ, ಕೈ ಮುಗಿದ ಎರಡು ಎಮೋಜಿ, ಗ್ರೂಪ್ ಸೇರೋದಕ್ಕೆ ಲಿಂಕು. ಗ್ರೂಪಿನಲ್ಲಿ ರಾಶಿ ಫೋಟೋ. ನೋ ಸಿಓಡಿ (ಸೀರೆ ಕೈಸೇರಿದ ಮೇಲೆ ದುಡ್ಡು ಅನ್ನೋದಿಲ್ಲ), ನೋ ರಿಟರ್ನ್, ಪಾರ್ಸೆಲ್ ಬಿಚ್ಚುವ ವಿಡಿಯೋ ಕಡ್ಡಾಯ ಅಂತ ದೊಡ್ಡಕ್ಷರದ ನಿಯಮಗಳು. ರೇಟ್ ಮಾತ್ರ ಇಲ್ಲ!

ಯಾಕೆ ಹೀಗೆ ಅಂತ ಮಗನನ್ನು ಕೇಳಿದೆ. ಕೆಳಗೆ ಜನ "ರೇಟ್, ರೇಟ್" ಅಂತ ಬರೆದಷ್ಟೂ ಫೇಸ್‌ಬುಕ್ ಆ ಪೋಸ್ಟನ್ನು ಇನ್ನಷ್ಟು ಜನಕ್ಕೆ ತೋರಿಸುತ್ತದೆ ಅಂದ. ನಾನು ಎಂಟು ಸಲ ಕೇಳಿದ್ದೆ. ಎಂಟು ಸಲವೂ ಅವರಿಗೆ ಪುಕ್ಕಟೆ ಡಂಗುರ ಸಾರಿದ ಹಾಗಾಯ್ತು.

ಗೆಳತಿಯೊಬ್ಬಳು ಅವರ ಪರ ವಾದಿಸಿದಳು. ರೇಟ್ ಹಾಕಿದರೆ ಇನ್ನೊಬ್ಬರು ನೂರು ರೂಪಾಯಿ ಕಡಿಮೆ ಹಾಕ್ತಾರೆ, ಫೋಟೋನೂ ಕದೀತಾರೆ ಅಂತ. ಕದಿಯೋದು ನಿಜ, ಒಂದೇ ಸೀರೆ ಒಂದೇ ಮೇಜಿನ ಮೇಲೆ ಐದು ಪೇಜುಗಳಲ್ಲಿ ಕಂಡಿದ್ದೇನೆ. ಆದರೆ ಆ ಇನ್ನೊಬ್ಬರಿಗೆ ಇನ್‌ಬಾಕ್ಸ್ ಇಲ್ವಾ? ಅವರೂ ಗಿರಾಕಿ ವೇಷದಲ್ಲಿ ಬಂದು ಕೇಳಲ್ವಾ? ಗೊತ್ತಾಗದೆ ಉಳಿಯೋದು ನಮಗೆ ಮಾತ್ರ. ಆನ್‌ಲೈನ್ ಮಾರುವವರು ಒಟ್ಟು ಬೆಲೆ ತೋರಿಸಬೇಕು ಅಂತ 2020ರ ಇ-ಕಾಮರ್ಸ್ ನಿಯಮಗಳಲ್ಲೇ ಇದೆ. ಇರಲಿ ಬಿಡಿ, ನಿಯಮ ಹೇಳಿದರೆ ಬ್ಲಾಕ್ ಮಾಡ್ತಾರೆ.

ನಮ್ಮಪ್ಪನ ಬಟ್ಟೆ ಅಂಗಡಿ ನಿಮ್ಮಲ್ಲಿ ಕೆಲವರಿಗೆ ನೆನಪಿರಬೇಕು. ಗಾದಿ ಮೇಲೆ ಕೂತು ಹತ್ತು ಸೀರೆ ಬಿಡಿಸಿ ಹಾಕುತ್ತಿದ್ದರು. ಕೇಳಿದರೆ ಥಟ್ಟನೆ ರೇಟ್. ಚೌಕಾಸಿ ಆಮೇಲೆ.

ಸತ್ಯವನ್ನೂ ಹೇಳಿಬಿಡ್ತೀನಿ. ಸೀರೆಯ ಚೀಟಿ ಮೇಲೆ ಅಪ್ಪ ಅಸಲು ಬೆಲೆಯನ್ನು ಅಕ್ಷರಗಳಲ್ಲಿ ಬರೆಯುತ್ತಿದ್ದರು. ಒಂದೊಂದು ಅಕ್ಷರಕ್ಕೆ ಒಂದೊಂದು ಅಂಕಿ. ರಜೆಯಲ್ಲಿ ಗಲ್ಲೆಯ ಹತ್ತಿರ ಕೂರುತ್ತಿದ್ದ ನನಗೂ ಅದು ಬಾಯಿಪಾಠ. ಎಷ್ಟಕ್ಕೆ ಇಳಿಯಬಹುದು ಅನ್ನೋದು ನಮಗಷ್ಟೇ ಗೊತ್ತು. ಬಂದವರ ಕಾಲಿನ ಚಪ್ಪಲಿ ನೋಡಿ ಅಪ್ಪ ರೇಟ್ ಹೇಳಿದ್ದೂ ಉಂಟು. ಇವರು ಇನ್‌ಬಾಕ್ಸಿನಲ್ಲಿ ನನ್ನ ಪ್ರೊಫೈಲ್ ಫೋಟೋದ ಬಳೆ ನೋಡ್ತಾರೋ ಏನೋ. ಅಂದರೆ ನಾನೂ ಅದೇ ಕುಲದವಳು. ಆದರೂ ಅಪ್ಪ ಒಂದು ಅಂಕಿ ಅಂತ ಹೇಳುತ್ತಿದ್ದರು, ಮೇಲೆ ಚಹಾನೂ ತರಿಸುತ್ತಿದ್ದರು!

ಸಿಟ್ಟಲ್ಲೇ ಕೆಳಗೆ ಜಾರಿಸುತ್ತಾ ಹೋದರೆ ಇಳಕಲ್ಲಿನ ಹುಡುಗನೊಬ್ಬನ ರೀಲ್ ಸಿಕ್ಕಿತು. ಅವನ ತಾಯಿ ಸೀರೆ ಮೈಯ ಹಾಸಿಗೂ (ಉದ್ದನೆಯ ನೂಲಿಗೂ) ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕುತ್ತಿದ್ದಾರೆ. ಹಾಡಿಲ್ಲ, ಕುಣಿತವಿಲ್ಲ, ಮಗ್ಗದ ಮನೆಯ ಸದ್ದಷ್ಟೇ. ಕೆಳಗೆ ಬರೆದಿದ್ದ: "ಕೈಮಗ್ಗ. ಮೈ ಹತ್ತಿ, ಸೆರಗು ರೇಷ್ಮೆ. 3,400 ರೂಪಾಯಿ, ಪೋಸ್ಟ್ ಖರ್ಚು ಸೇರಿ." ಐದು ನಿಮಿಷದಲ್ಲಿ ದುಡ್ಡು ಹಾಕಿದೆ. ಬೆಳಿಗ್ಗೆ ಫೋನ್ ಮಾಡಿದ. "ಅಕ್ಕಾರ, ಕುಬಸಕ್ಕ ಅಂದಿದ್ರಿ. ಗುಳೇದಗುಡ್ಡದ ಖಣ ಐತ್ರಿ, ಹಸರಿಗೆ ಹೊಂದತೈತಿ, ಫೋಟೋ ಕಳಸ್ಲೇನ್ರಿ?" ಕಳಿಸಿದ, ರೇಟಿನ ಸಮೇತ. ರವಿಕೆಗೆಂದು ಎರಡು ಖಣ ತಗೊಂಡೆ. ಬೇಕಿದ್ದದ್ದು ಒಂದೇ.

ಇದನ್ನು ಬರೆಯುತ್ತಿರುವಾಗಲೇ ಆ ಇನ್‌ಬಾಕ್ಸ್ ಟಿಣ್ ಅಂತು. "ಸೋಲ್ಡ್ ಔಟ್ ಡಿಯರ್. ಸೇಮ್ ಪೀಸ್ ನಾಳೆ ಏಳಕ್ಕೆ ಲೈವಲ್ಲಿ ಬರುತ್ತೆ, ಫ್ರೆಂಡ್ಸಿಗೂ ಶೇರ್ ಮಾಡಿ."

ರೇಟ್ ಇನ್ನೂ ಹೇಳಿಲ್ಲ.