ಹಳೆ ಅಂಬಾಸಿಡರ್‌ಗೆ ಶೀಟ್ ಹಾಕಿಸುವ ಮುಂಚೆ

"ಹಾಕಿಸ್ರಿ ಅಣ್ಣಾರ, ಒಳಗ ಥಂಡ ಇರ್ತದ, ಸಪ್ಪಳ ಸೈತ ಕೇಳಂಗಿಲ್ಲ." ಕಲಬುರಗಿಯಲ್ಲಿ ಹಳೆ ಗಾಡಿ ರೆಡಿ ಮಾಡಿಸುವವರಿಗೆ, ತಗಡಿಗೆ ಒಳಗಿನಿಂದ ಅಂಟಿಸುವ ಶೀಟಿನ ಬಗ್ಗೆ ಅಂಗಡಿಯಲ್ಲಿ ಸಿಗುವ ಮಾತು ಇದು. ಒಂದೇ ಶೀಟು ಎರಡೂ ಕೆಲಸ ಮಾಡುತ್ತೆ ಅನ್ನೋದನ್ನ ನಾನು ಒಪ್ಪುವುದಿಲ್ಲ. ನಮ್ಮ ಊರಲ್ಲಿ ಮೊದಲ ದುಡ್ಡು ಶಾಖ ತಡೆಯುವುದಕ್ಕೆ ಹೋಗಬೇಕು. ಸಪ್ಪಳದ ಮಾತು ಆಮೇಲೆ.

ನನ್ನದು ಎಂಜಿನ್ ಬದಲಿಸಿ ಎಸಿ ಕೂರಿಸಿದ ಅಂಬಾಸಿಡರ್. (ಎಂಜಿನ್ ಬದಲಿಸಿದವರು ಆರ್‌ಸಿಯಲ್ಲಿ ಅದನ್ನ ಬರೆಸಿಕೊಳ್ಳಿ, ಇಲ್ಲಾಂದ್ರೆ ತಲೆನೋವು.) ಈ ಕಾರಿನ ಮೂಲ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3. 1950ರ ದಶಕದ ಇಂಗ್ಲೆಂಡಿನ ಚಳಿಯಲ್ಲಿ ಹುಟ್ಟಿದ ಡಬ್ಬಿ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾಯಿತು, ಮೈಕಟ್ಟು ಮಾತ್ರ ಹೆಚ್ಚುಕಡಿಮೆ ಅದೇ. ನಮ್ಮಲ್ಲೋ ಬೇಸಿಗೆಯಲ್ಲಿ 42 ಡಿಗ್ರಿ ಅಂದ್ರೆ ಯಾರೂ ತಿರುಗಿ ನೋಡಲ್ಲ. ಮಧ್ಯಾಹ್ನ ಸೇಡಂ ರಸ್ತೆಯಲ್ಲಿ ನಿಲ್ಲಿಸಿದ ಗಾಡಿಯ ಟಾಪ್ ಮೇಲೆ ಕೈ ಇಟ್ಟು ನೋಡಿ.

ಅಂಗಡಿಯವರು ತೋರಿಸುವ ಬೆಳ್ಳಿ ಬಣ್ಣದ ಬ್ಯುಟೈಲ್ ರಬ್ಬರ್ ಶೀಟಿನ ಕೆಲಸ ತಗಡಿನ ನಡುಕ ಹೀರುವುದು. ಬಾಗಿಲಿನ ತಗಡಿಗೆ ಬಡಿದರೆ ಢಣ್ ಅನ್ನೋದು ಥಪ್ ಅನ್ನುತ್ತೆ, ಅಷ್ಟೇ. ಮೇಲಿನ ಅಲ್ಯೂಮಿನಿಯಂ ಪದರ ರಬ್ಬರನ್ನ ಬಿಗಿ ಹಿಡಿಯೋದಕ್ಕೆ ಇದೆ. ಅದು ಶಾಖವನ್ನ ತಿರುಗಿಸಿ ಕಳಿಸಬೇಕಾದರೆ ಮುಂದೆ ಗಾಳಿಗೆ ಜಾಗ ಬೇಕು. ಅದರ ಮೇಲೆ ಕಾರ್ಪೆಟ್ ಒತ್ತಿ ಹಾಸಿದ ಮೇಲೆ ಎಲ್ಲಿಯ ಜಾಗ? ಭಾರ ಇದ್ದದ್ದೆಲ್ಲ ಶಾಖ ತಡೆಯುವುದಿಲ್ಲ. ಶಹಾಬಾದ್ ಫರ್ಸಿ ಹಗಲೆಲ್ಲ ಕಾದು ರಾತ್ರಿ ಝಳ ಬಿಡೋದು ನಮಗೆ ಗೊತ್ತಿಲ್ವಾ? ನಡುಕ ನಿಲ್ಲಿಸೋಕೂ ಇಡೀ ಗಾಡಿ ಮುಚ್ಚಬೇಕಿಲ್ಲ. ಪ್ರತಿ ತಗಡಿನ ನಡುಭಾಗದಲ್ಲಿ ಕಾಲು ಭಾಗದಿಂದ ಅರ್ಧದಷ್ಟು ಹಚ್ಚಿ, ರೋಲರ್‌ನಿಂದ ಚೆನ್ನಾಗಿ ಒತ್ತಿದರೆ ಸಾಕು. ಉಳಿದದ್ದು ತೂಕ ಮತ್ತು ಬಿಲ್ಲು.

ಶಾಖಕ್ಕೆ ಬೇಕಾಗಿರುವುದು ನೀರು ಹೀರದ ಫೋಮು. ಎಸಿ ಪೈಪಿಗೆ ಸುತ್ತುವ ಕಪ್ಪು ನೈಟ್ರೈಲ್ ರಬ್ಬರ್ ಇದೆಯಲ್ಲ, ಆ ಜಾತಿ. ಟಾಪ್ ಒಳಗೆ ಮೊದಲು ಅದನ್ನ ಹಾಕಿಸಿ. ನಂತರ ಎಂಜಿನ್ ಮತ್ತು ನಮ್ಮ ಕಾಲಿನ ನಡುವಿನ ತಗಡು, ಆಮೇಲೆ ಗೇರ್‌ಬಾಕ್ಸ್ ಮೇಲಿನ ಉಬ್ಬು. ಸೈಲೆನ್ಸರ್ ಪೈಪ್ ಹೋಗುವ ಕಡೆ ಒಳಗೆ ಎಷ್ಟು ಪದರ ಹಾಕಿದರೂ ಅರ್ಧಂಬರ್ಧ ಕೆಲಸವೇ. ಗಾಡಿ ಕೆಳಗೆ, ಪೈಪಿಗೂ ಗಾಡಿಯ ನೆಲದ ತಗಡಿಗೂ ನಡುವೆ ಸ್ವಲ್ಪ ಅಂತರ ಬಿಟ್ಟು ತಗಡಿನ ಮರೆ ಕಟ್ಟಿಸಿ. ಇಷ್ಟೆಲ್ಲ ಮಾಡಿದ ಮೇಲೂ ದಿನವಿಡೀ ಬಿಸಿಲಲ್ಲಿ ನಿಂತ ಗಾಡಿ ಕಾದೇ ಕಾಯುತ್ತೆ. ಗಾಜಿನಿಂದ ಬರುವ ಬಿಸಿಲಿಗೆ ಫೋಮ್ ಏನು ಮಾಡೀತು? ಆದರೆ ಎಸಿ ಹಾಕಿದಾಗ ತಂಪು ಬೇಗ ಹಿಡಿಯುತ್ತೆ, ನಿಲ್ಲುತ್ತೆ.

ಅಗ್ಗದ ಡಾಂಬರು ಶೀಟು ಮಾತ್ರ ಟಾಪಿಗೆ ಬೇಡವೇ ಬೇಡ. ಗೆಳೆಯನೊಬ್ಬನ ಪದ್ಮಿನಿ ಕಾರಿಗೆ ಅದನ್ನೇ ಅಂಟಿಸಿಕೊಟ್ಟರು. ಮೇ ತಿಂಗಳಲ್ಲಿ ಅದು ಕರಗಿ ಜಾರಿತು. ಟಾಪಿನ ಒಳಬಟ್ಟೆ ತುಂಬ ಕಪ್ಪು ಕಲೆ, ಒಳಗೆಲ್ಲ ರಸ್ತೆ ಹಾಕುವಾಗಿನ ವಾಸನೆ. ಕೇಳಿದರೆ ಅಂಗಡಿಯವನು, "ಬಿಸಲು ಜಾಸ್ತಿ ಅದ, ನಾ ಏನ್ ಮಾಡ್ಲಿರಿ" ಅಂದ. ಬಿಸಲು ಜಾಸ್ತಿ ಅಂತಲೇ ತಾನೆ ಹಾಕಿಸಿದ್ದು!

ಸಪ್ಪಳಕ್ಕೆ ಬಂದರೆ, ಮೊದಲು ತೂತು ಮುಚ್ಚಿ. ಎಂಜಿನ್ ಮತ್ತು ನಮ್ಮ ಕಾಲಿನ ನಡುವಿನ ಆ ಅಡ್ಡ ತಗಡಿನಲ್ಲಿ ನೂರಕ್ಕೆ ಒಂದು ಪಾಲು ತೆರೆದಿದ್ದರೂ, ಎಷ್ಟೇ ದಪ್ಪ ಹೊದಿಸಿದರೂ ಸುಮಾರು 20 ಡೆಸಿಬಲ್‌ಗಿಂತ ಜಾಸ್ತಿ ಇಳಿಯಲ್ಲ. ಸ್ಟೀರಿಂಗ್ ಪಕ್ಕದ ಗೇರು ತೆಗೆದು ನೆಲಕ್ಕೆ ಕೂರಿಸಿದಾಗ ಉಳಿದ ತೂತು, ಎಸಿ ಪೈಪಿಗೆ ಕೊರೆದದ್ದು, ವೈರ್ ಹೋಗುವ ಜಾಗ, ಎಲ್ಲಕ್ಕೂ ರಬ್ಬರ್ ಬುಶ್ ಹಾಕಿಸಿ. ಅದರಿಂದ ಹೊಗೆಯೂ ಒಳಗೆ ಬರಲ್ಲ. ಎಂಜಿನ್ ಕೂರುವ ರಬ್ಬರ್ ಮೌಂಟಿಂಗ್, ಬಾಗಿಲಿನ ರಬ್ಬರ್ ಬೀಡಿಂಗ್ ಹೊಸದಾದರೆ ಸಪ್ಪಳ ಎಷ್ಟೋ ತಾನಾಗಿ ಕಡಿಮೆ ಆಗುತ್ತೆ.

ನೆಲದ ಹಳೆ ಗೋಣಿ ತಾಟು ಕಿತ್ತ ಮೇಲೆ ಜಂಗು ಕಂಡರೆ ಕೆಲಸ ಅಲ್ಲೇ ನಿಲ್ಲಿಸಿ. ಟಿಂಕರಿಂಗ್ ಮುಗಿದು ಪ್ರೈಮರ್ ಒಣಗಿದ ಮೇಲೇ ಶೀಟು. ಬಾಗಿಲಿನ ತಳದಲ್ಲಿ ನೀರು ಹೋಗುವ ತೂತುಗಳನ್ನ ಮಾತ್ರ ಯಾರೂ ಮುಚ್ಚಬಾರದು, ಪಕ್ಕದಲ್ಲಿ ನಿಂತು ನೋಡಿಕೊಳ್ಳಿ.

ನನ್ನ ಗಾಡಿಯ ಟಾಪ್ ಕೆಲಸ ಇನ್ನೂ ಬಾಕಿ ಇದೆ. ಒಳಗಿನ ಬಟ್ಟೆಯನ್ನ ಹರಿಯದಂತೆ ಬಿಚ್ಚಿ, ಮತ್ತೆ ಸುಕ್ಕಿಲ್ಲದೆ ಎಳೆದು ಕಟ್ಟುವ ಕುಶನ್ ಕೆಲಸದವರು ಕಲಬುರಗಿಯಲ್ಲಿ ಯಾರಾದರೂ ಗೊತ್ತಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ.